ಹೌಸಿಗೆ ಮಾಡುವವರು, ಹೊಟ್ಟೆಗೆ ಮಾಡುವವರು

ಕಳೆದ ವರ್ಷ ನಮ್ಮೂರ ಮಠದ ಜಾತ್ರೆಯಲ್ಲಿ ನಡೆದ ಒಂದು ಸಣ್ಣ ಘಟನೆ ಈ ಲೇಖನ ಬರೆಯಲು ನನ್ನನ್ನು ಹಚ್ಚಿದೆ. ಆ ಘಟನೆಗೆ ಕಾರಣನಾದವನು ನಾನೇ. ಆದ್ದರಿಂದ ಶರಣಬಂಧುಗಳು ಇದನ್ನು ತಪ್ಪೊಪ್ಪಿಗೆ ಎಂದೇ ಓದಬೇಕೆಂದು ಕೋರುತ್ತೇನೆ. ಕೊನೆಯಲ್ಲಿ ಒಂದೆರಡು ಸಲಹೆಗಳಿವೆ. ಅವು ಮೊದಲು ನನಗೇ ಅನ್ವಯಿಸುತ್ತವೆ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವನು. ರಸ್ತೆ, ಸೇತುವೆ, ಶಾಲಾ ಕಟ್ಟಡ ಎಂದು ಜಿಲ್ಲೆ ಜಿಲ್ಲೆ ಸುತ್ತಿದೆ. ಅರವತ್ತು ತುಂಬಿ ಮನೆಗೆ ಬಂದ ಮೇಲೆ ಆರು ತಿಂಗಳು ಪತ್ರಿಕೆ ಓದುವುದು, ವಾಯುವಿಹಾರಕ್ಕೆ ಹೋಗುವುದು, ಮೊಮ್ಮಗಳನ್ನು ಶಾಲೆಗೆ ಬಿಡುವುದು, ಇಷ್ಟರಲ್ಲೇ ದಿನ ತಳ್ಳಿದೆ. ಪಿಂಚಣಿ ಬರುತ್ತಿತ್ತು, ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಕೈಗೆ ಕೆಲಸವಿರಲಿಲ್ಲ. ಕೈ ಸುಮ್ಮನಿದ್ದರೆ ಬಾಯಿ ಜಾಸ್ತಿ ಆಡುತ್ತದೆ. ನಮ್ಮ ಮನೆಯವರು ಒಂದು ದಿನ, “ಏನರ ಒಂದು ಕೆಲಸಾ ಹಚ್ಚಿಕೋರಿ, ಅಡಗಿ ಮನ್ಯಾಗ ಬಂದು ಎಸ್ಟಿಮೇಟ್ ಹಾಕಬ್ಯಾಡ್ರಿ” ಎಂದುಬಿಟ್ಟರು.

ಆಗ ನೆನಪಾದದ್ದು ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ವರ್ಕ್‌ಶಾಪ್. ಅಲ್ಲಿ ಬಡಗಿ ವಿಭಾಗದಲ್ಲಿ ಮರದ ತುಂಡುಗಳನ್ನು ಕೊರೆದು ಒಂದಕ್ಕೊಂದು ಕೂಡಿಸುವುದನ್ನು ಕಲಿಸುತ್ತಿದ್ದರು. ಇಡೀ ಐದು ವರ್ಷದ ಓದಿನಲ್ಲಿ ನನ್ನ ಕೈಗೆ ಖುಷಿ ಕೊಟ್ಟ ತರಗತಿ ಅದೊಂದೇ. ಒಂದು ಪುಟ್ಟ ಮರದ ಲೇತ್ ಯಂತ್ರ ತರಿಸಿದೆ. ಹಿತ್ತಲಿನ ಕೋಣೆಯಲ್ಲಿ ಇಟ್ಟೆ. ಉಳಿ ಹಿಡಿಯುವುದನ್ನು ಕಲಿಸಿದವರು ನಮ್ಮ ಮನೆಯ ಬಾಗಿಲು ಕಿಟಕಿ ಮಾಡಿದ ಹಿರಿಯ ಬಡಗಿ. “ಸಾಹೇಬ್ರ, ಉಳಿ ಮೊಂಡಾದ್ರ ಮರ ಮಾತ ಕೇಳಂಗಿಲ್ಲ್ರೀ” ಎಂದು ಮೊದಲ ಒಂದು ವಾರ ನನ್ನಿಂದ ಬರೀ ಉಳಿ ಮಸೆಸಿದರು. ಅವರ ಮಗ ಐ.ಟಿ.ಐ. ಮುಗಿಸಿದ ಹುಡುಗ, ಅಪ್ಪನ ಜೊತೆಗೇ ಕೆಲಸ ಮಾಡುತ್ತಿದ್ದ. ನಾನು ಪೆನ್ನು ಮಾಡುವುದನ್ನು ನೋಡಿ ಅವನೂ ಕಲಿತ. ನನಗೆ ಮೂರು ತಿಂಗಳು ಹಿಡಿದದ್ದು ಅವನಿಗೆ ನಾಲ್ಕೇ ದಿನ ಹಿಡಿಯಿತು.

ಮರದ ಪೆನ್ನು ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಅದು ತಿಳಿದರೆ ಮಾತ್ರ ಮುಂದಿನ ಲೆಕ್ಕ ತಿಳಿಯುತ್ತದೆ. ಸುಮಾರು ಮುಕ್ಕಾಲು ಇಂಚು ಚೌಕದ, ಐದು ಇಂಚು ಉದ್ದದ ಒಣಗಿದ ಮರದ ತುಂಡು ಬೇಕು. ಹಸಿ ಇದ್ದರೆ ಪೆನ್ನಾದ ಮೇಲೆ ಸೀಳುತ್ತದೆ. ಆ ತುಂಡನ್ನು ಎರಡಾಗಿ ಕತ್ತರಿಸಿ, ನಟ್ಟನಡುವೆ ಉದ್ದಕ್ಕೂ 7 ಮಿಲಿಮೀಟರ್ ತೂತು ಕೊರೆಯಬೇಕು. ಅವಸರ ಮಾಡಿದರೆ ಡ್ರಿಲ್ ಕಾದು ಮರ ಬಿರುಕು ಬಿಡುತ್ತದೆ. ತೂತಿನಲ್ಲಿ ತೆಳುವಾದ ಹಿತ್ತಾಳೆ ಕೊಳವೆ ಕೂರಿಸಿ ಅಂಟು ಹಾಕಬೇಕು. ಅಂಟು ಒಣಗಿದ ಮೇಲೆ ಎರಡೂ ತುದಿಗಳನ್ನು ಕೊಳವೆಗೆ ಸರಿಯಾಗಿ ಲಂಬವಾಗಿ ಕೀಸಬೇಕು. ಇಲ್ಲಿ ಕೂದಲೆಳೆಯಷ್ಟು ವಾರೆಯಾದರೂ ಜೋಡಿಸುವಾಗ ಸಂದು ಕಾಣುತ್ತದೆ. ನಂತರ ಲೇತಿಗೆ ಏರಿಸಿ, ಉಳಿಯಿಂದ ದುಂಡು ಮಾಡಿ, ಒರಟು ಕಾಗದದಿಂದ ನಯ ಕಾಗದದವರೆಗೆ ಐದಾರು ಬಗೆಯ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಕೊಡಬೇಕು. ಕೊನೆಗೆ ತುದಿ, ಕ್ಲಿಪ್ಪು, ತಿರುಗಿಸುವ ಯಂತ್ರ, ರಿಫಿಲ್ ಕೂರಿಸಿದರೆ ಪೆನ್ನು. ಕೈ ಪಳಗಿದವರಿಗೂ ಒಂದೂವರೆ ತಾಸು ಬೇಕು. ಹತ್ತರಲ್ಲಿ ಒಂದು ಹಾಳಾಗುತ್ತದೆ.

ಮರಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ಹಳೆಯ ಮನೆ ಕೆಡವಿದಾಗ ಸಿಗುವ ಸಾಗವಾನಿ ತೊಲೆಯ ತುಣುಕು, ಮುರಿದ ಬಂಡಿಯ ಗಾಲಿಯ ಜಾಲಿ, ತೋಟದಲ್ಲಿ ಬಿದ್ದ ಹಲಸು, ಹುಣಸೆಯ ಕಪ್ಪು ತಿರುಳು, ಇವೇ ಸಾಕು. ಹಲಸಿನ ಹಳದಿ ಬಣ್ಣಕ್ಕೆ ಪಾಲಿಶ್ ಹಾಕಿದರೆ ಜೇನಿನ ಬಣ್ಣ ಬರುತ್ತದೆ. ಒಬ್ಬರು ತಮ್ಮ ಅಜ್ಜನ ನೇಗಿಲಿನ ತುಂಡು ತಂದುಕೊಟ್ಟರು. ಅದರಲ್ಲಿ ಮೂರು ಪೆನ್ನು ಮಾಡಿ ಅಣ್ಣತಮ್ಮಂದಿರಿಗೆ ಹಂಚಿಕೊಳ್ಳಿ ಎಂದು ಕೊಟ್ಟೆ. ಹೊಲ ಹಂಚಿಕೊಂಡು ಹತ್ತು ವರ್ಷ ಮಾತು ಬಿಟ್ಟಿದ್ದ ಮೂವರು ಪೆನ್ನು ತಗೊಳ್ಳಲು ಒಟ್ಟಿಗೆ ನಮ್ಮ ಮನೆಗೆ ಬಂದಿದ್ದರು.

ಹೀಗೆ ಮೊದಲು ನೆಂಟರಿಗೆ, ಗೆಳೆಯರಿಗೆ, ಆಮೇಲೆ ಕೇಳಿದವರಿಗೆಲ್ಲ ಕೊಡತೊಡಗಿದೆ. ಬಿಟ್ಟಿ ಕೊಟ್ಟರೆ ಬೆಲೆ ಇರುವುದಿಲ್ಲ ಎಂದು ಸಾಮಾನಿನ ಖರ್ಚಿನ ಮೇಲೆ ಇಪ್ಪತ್ತು ರೂಪಾಯಿ ಇಟ್ಟು 250 ರೂಪಾಯಿ ಬೆಲೆ ಕಟ್ಟಿದೆ. ಮೊದಲ ವರ್ಷ ಸುಮಾರು 200 ಪೆನ್ನು ಹೋದವು. ನಾಲ್ಕು ಸಾವಿರ ರೂಪಾಯಿ ಲಾಭ ಎಂದು ಹೆಮ್ಮೆಯಿಂದ ಡೈರಿಯಲ್ಲಿ ಬರೆದುಕೊಂಡೆ.

ಇನ್ನು ಜಾತ್ರೆಯ ದಿನ. ಮಠದವರು ಪುಸ್ತಕ ಮಳಿಗೆಯ ಪಕ್ಕ ನನಗೊಂದು ಮೇಜು, ನೆರಳು, ಬಿಳಿ ಬಟ್ಟೆ ಎಲ್ಲ ಕೊಟ್ಟಿದ್ದರು. ಬಡಗಿಯವರ ಮಗ ತೇರಿನ ಬೀದಿಯ ಆಚೆ ತುದಿಯಲ್ಲಿ ಜಮಖಾನ ಹಾಸಿಕೊಂಡು ತಾನು ಮಾಡಿದ ನಲವತ್ತು ಪೆನ್ನು ಇಟ್ಟಿದ್ದ. ಬೆಲೆ 450. ಸಂಜೆ ನಾನು ಕಬ್ಬಿನ ಹಾಲು ಕುಡಿಯಲು ಆ ಕಡೆ ಹೋದಾಗ ಒಬ್ಬ ಗುರುಗಳು ಅವನ ಪೆನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದರು: “ಅಲ್ಲಿ ಸಾಹೇಬ್ರು ಇಂಥಾದ್ದ ಪೆನ್ನು ಇನ್ನೂರಾ ಐವತ್ತಕ್ಕ ಕೊಡಾಕತ್ತಾರ. ನೀ ನಾಕನೂರಾ ಐವತ್ತು ಅಂತಿ. ಜಾತ್ರಿ ಅಂತ ಸುಲಗಿ ಮಾಡ್ತಿಯೇನು?” ಹುಡುಗ ಏನೂ ಹೇಳಲಿಲ್ಲ. ನನ್ನನ್ನು ನೋಡಿದ, ತಲೆ ತಗ್ಗಿಸಿದ.

ಆ ದಿನ ನಾನು 31 ಪೆನ್ನು ಮಾರಿದ್ದೆ, ಅವನು ಎರಡು. ಮರುದಿನ ಅವನ ಜಮಖಾನ ಅಲ್ಲಿರಲಿಲ್ಲ. ವಾರದ ನಂತರ ಅವನ ತಂದೆ ಸಿಕ್ಕರು. ಮಗ ಬೆಂಗಳೂರಿಗೆ ಇಂಟೀರಿಯರ್ ಕೆಲಸಕ್ಕೆ ಹೊರಟಿದ್ದಾನೆ ಎಂದರು. ನಾನು ಏನೋ ಸಮಜಾಯಿಷಿ ಹೇಳಲು ಹೋದೆ. ಅವರು ತಡೆದು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ನಿಮ್ಮ ತಪ್ಪೇನೈತ್ರೀ ಸಾಹೇಬ್ರ. ನೀವು ಹೌಸಿಗೆ ಮಾಡ್ತೀರಿ, ನಾವು ಹೊಟ್ಟಿಗೆ ಮಾಡ್ತೀವಿ.”

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಬಹುಶಃ ನಾನು ಇಷ್ಟು ಯೋಚಿಸುತ್ತಿರಲಿಲ್ಲ.

ಆ ರಾತ್ರಿ ಇಲಾಖೆಯಲ್ಲಿ ಜೀವನವಿಡೀ ಮಾಡಿದ್ದನ್ನೇ ಮಾಡಿದೆ. ಪೆನ್ನಿಗೆ ದರ ವಿಶ್ಲೇಷಣೆ ಹಾಕಿದೆ. ಒಂದು ಘನ ಮೀಟರ್ ಕಾಂಕ್ರೀಟಿಗೆ ದರ ಕಟ್ಟುವಾಗ ನಾವು ಸಾಮಗ್ರಿ, ಕೂಲಿ, ಯಂತ್ರ, ಮೇಲ್ವೆಚ್ಚ, ಗುತ್ತಿಗೆದಾರನ ಲಾಭ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೇವೆ. ಒಂದು ಸಾಲು ಬಿಟ್ಟರೂ ಲೆಕ್ಕಪರಿಶೋಧಕರು ಕೆಂಪು ಶಾಯಿಯಲ್ಲಿ ಗೀಚುತ್ತಾರೆ. ನನ್ನ ಪೆನ್ನಿನ ವಿಷಯದಲ್ಲಿ ನಾನೇ ಮೂರ್ನಾಲ್ಕು ಸಾಲು ಬಿಟ್ಟಿದ್ದೆ.

ಲೆಕ್ಕ ಹೀಗೆ. ಕೊಳವೆ, ಕ್ಲಿಪ್ಪು, ತುದಿ, ರಿಫಿಲ್ ಎಲ್ಲ ಸೇರಿದ ಸಾಮಾನು ಕೊರಿಯರ್ ಸಮೇತ 160 ರೂಪಾಯಿ. ಮರ 20. ಅಂಟು, ಉಪ್ಪುಕಾಗದ, ಪಾಲಿಶ್ 25. ಡಬ್ಬಿ 25. ಒಟ್ಟು ಸಾಮಗ್ರಿ 230. ಲೇತ್, ಉಳಿಗಳು, ಡ್ರಿಲ್, ಸಾಣೆ ಯಂತ್ರಕ್ಕೆ ನಾನು ಹಾಕಿದ ಬಂಡವಾಳ 65,000. ವರ್ಷಕ್ಕೆ 200 ಪೆನ್ನಿನಂತೆ ಎಂಟು ವರ್ಷ ಬಾಳುತ್ತವೆ ಎಂದರೂ ಪ್ರತಿ ಪೆನ್ನಿಗೆ 40 ರೂಪಾಯಿ ಸವಕಳಿ. ವಿದ್ಯುತ್ತು, ಸಾಣೆ 10. ಹಾಳಾಗುವ ಹತ್ತನೆಯ ಪೆನ್ನಿನ ಪಾಲು 25. ಇಲ್ಲಿಗೆ 305 ಆಯಿತು. ಇನ್ನು ಕೂಲಿ. ನಮ್ಮ ಊರಲ್ಲಿ ಒಳ್ಳೆಯ ಬಡಗಿಗೆ ನಾನು ಕೊಡುವ ದಿನಗೂಲಿ 900 ರೂಪಾಯಿ. ಎಂಟು ತಾಸಿನ ದಿನದಲ್ಲಿ ಒಂದೂವರೆ ತಾಸಿಗೆ ಸುಮಾರು 170. ಅಲ್ಲಿಗೆ 475. ಕೂತು ಮಾರುವ ಹೊತ್ತು, ಓಡಾಟ, ನಾಳೆ ಕೆಲಸ ಇಲ್ಲದ ದಿನಕ್ಕೆ ಒಂದಿಷ್ಟು ಎಂದು ಶೇಕಡಾ 15 ಸೇರಿಸಿದರೆ 546. ಸರಾಸರಿ 550 ರೂಪಾಯಿ.

ಅಂದರೆ ನನ್ನ 250 ರೂಪಾಯಿಯ ಪೆನ್ನು, ಲಾಭ ಬಿಡಿ, ಅಸಲಿಗಿಂತಲೂ 225 ರೂಪಾಯಿ ಕಡಿಮೆಗೆ ಹೋಗುತ್ತಿತ್ತು. ಆ 225 ರೂಪಾಯಿ ಎಲ್ಲಿಂದ ಬರುತ್ತಿತ್ತು? ನನ್ನ ಪಿಂಚಣಿಯಿಂದ. ವರ್ಷಕ್ಕೆ 200 ಪೆನ್ನಿನಂತೆ 45,000 ರೂಪಾಯಿ ಸಹಾಯಧನವನ್ನು ನನಗೆ ಗೊತ್ತಿಲ್ಲದೇ ನಾನು ಕೊಂಡವರಿಗೆ ಹಂಚುತ್ತಿದ್ದೆ. ಕೊಂಡವರು ಬಡವರೇ? ಅಲ್ಲ. ಹೆಚ್ಚಿನವರು ನನ್ನಂತೆಯೇ ಸಂಬಳ, ಪಿಂಚಣಿ ಇದ್ದವರು. ಆ ಹುಡುಗನಿಗೆ ಪಿಂಚಣಿ ಇಲ್ಲ. ಅವನು ತನ್ನ ಲೇತನ್ನು ಬೇರೆ ಕೆಲಸಕ್ಕೂ ಬಳಸುತ್ತಾನೆ, ಕೈ ಚುರುಕು, ಮನೆಯ ಅಡ್ಡೆಯಲ್ಲೇ ಮರ ಸಿಗುತ್ತದೆ. ಅದಕ್ಕೇ 450ಕ್ಕೆ ಕೊಡಲು ಸಾಧ್ಯವಾಗಿತ್ತು. ಅದಕ್ಕಿಂತ ಕೆಳಗಿಳಿದರೆ ಅವನ ಕೂಲಿಗೇ ಕತ್ತರಿ. ಸುಲಿಗೆ ಮಾಡಿದವನು ಅವನಲ್ಲ. ಸರ್ಕಾರದ ದುಡ್ಡಿನ ಬಲದಿಂದ ಮಾರುಕಟ್ಟೆ ಕೆಡಿಸಿದವನು ನಾನು. ಯಾವುದೋ ದೊಡ್ಡ ಕಂಪನಿ ನಷ್ಟಕ್ಕೆ ಮಾರಿ ಸಣ್ಣ ಅಂಗಡಿಗಳನ್ನು ಮುಚ್ಚಿಸಿದರೆ ನಾವು ಬೈಯುತ್ತೇವೆ. ನಾನು ಮಾಡಿದ್ದೂ ಅದೇ ಕೆಲಸ, ಜಾತ್ರೆಯ ಮಟ್ಟದಲ್ಲಿ.

ಇದಕ್ಕಿಂತ ನನ್ನನ್ನು ಹೆಚ್ಚು ಚುಚ್ಚಿದ ಸಂಗತಿ ಇನ್ನೊಂದಿದೆ. ನಾನು ಲೇತ್ ತಂದ ಹೊಸದರಲ್ಲಿ ನಮ್ಮ ಬೀಗರೊಬ್ಬರು ಮನೆಗೆ ಬಂದು, “ಇದೇನ್ರೀ, ಇಷ್ಟು ದೊಡ್ಡ ಹುದ್ದೆದಾಗ ಇದ್ದವರು ಈಗ ಬಡಿಗೇರ ಆಗೀರೇನು?” ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಆಮೇಲೆ ಪೆನ್ನುಗಳು ಹೆಸರು ಮಾಡಿದಾಗ ಅದೇ ಬೀಗರು ನಾಲ್ಕು ಜನರೆದುರು, “ಎಷ್ಟು ಸರಳ ಮನುಷ್ಯಾ ನೋಡ್ರಿ, ಕೈಯಾರೆ ದುಡೀತಾರ” ಎಂದರು. ಮಠದ ಸಭೆಯಲ್ಲಿ ನನಗೆ ಶಾಲು ಹೊದಿಸಿ ಕಾಯಕಜೀವಿ ಎಂದು ಹೊಗಳಿದರು. ಮೂವತ್ತು ವರ್ಷದಿಂದ ಊರಿಗೆಲ್ಲ ಬಾಗಿಲು, ತೊಟ್ಟಿಲು, ಕಡೆಗೆ ಮಠದ ತೇರಿನ ಗಾಲಿಯವರೆಗೂ ಮಾಡಿಕೊಟ್ಟ ಆ ಹಿರಿಯ ಬಡಗಿ ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಯಾರೂ ಶಾಲು ಹೊದಿಸಿದ್ದು ನಾನು ಕಂಡಿಲ್ಲ.

ಒಂದೇ ಮರ, ಒಂದೇ ಉಳಿ, ಒಂದೇ ಪೆನ್ನು. ನನ್ನ ಕೈಯಲ್ಲಿದ್ದರೆ ಸರಳತೆ, ಅವರ ಕೈಯಲ್ಲಿದ್ದರೆ ಚೌಕಾಸಿ. ನನ್ನ ಬೆಲೆಯನ್ನು ಯಾರೂ ಪ್ರಶ್ನಿಸಲಿಲ್ಲ. ಇನ್ನೂರೈವತ್ತರ ಬದಲು ಮುನ್ನೂರು ಕೊಟ್ಟು ಚಿಲ್ಲರೆ ಬೇಡ ಅಂದವರೂ ಉಂಟು. ಅವನ ಬೆಲೆಯನ್ನು ಎಲ್ಲರೂ ಪ್ರಶ್ನಿಸಿದರು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಾವು ಜೇಬಿಗೆ ಕೈ ಹಾಕುವಾಗ ಅದನ್ನು ಮರೆಯುತ್ತೇವೆ. ಜಾತಿ ಹೋಗಿದೆಯೋ ಇಲ್ಲವೋ ತಿಳಿಯಬೇಕಾದರೆ ಮದುವೆ ಪತ್ರಿಕೆ ನೋಡಬೇಕು ಎನ್ನುತ್ತಾರೆ. ಚೌಕಾಸಿ ಯಾರ ಹತ್ತಿರ ಮಾಡುತ್ತೇವೆ ಎಂಬುದನ್ನೂ ನೋಡಬೇಕು ಎಂದು ನಾನು ಸೇರಿಸುತ್ತೇನೆ.

ಈ ವಿಚಾರ ಗೆಳೆಯರಲ್ಲಿ ಹೇಳಿದಾಗ ಕೆಲವು ಆಕ್ಷೇಪಗಳು ಬಂದವು. ಅವನ್ನೂ ಇಲ್ಲಿ ಇಡುತ್ತೇನೆ.

ಮೊದಲನೆಯದು: “ನಿಮಗೆ ದುಡ್ಡಿನ ಅವಶ್ಯಕತೆ ಇಲ್ಲ, ಸುಮ್ಮನೆ ಯಾಕೆ ಜಾಸ್ತಿ ತಗೋಬೇಕು? ಅದು ಆಸೆಯಲ್ಲವೇ?” ಒಬ್ಬರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೇ ಮುಂದಿಟ್ಟರು. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಾದದ್ದನ್ನು ಹಿಂದಕ್ಕೆ ಹಾಕಿ ಬರಲು ಕಳಿಸಿದವಳು ಆಕೆ. ನಾನು ಆ ಕಥೆಯನ್ನು ಮತ್ತೆ ಮತ್ತೆ ಯೋಚಿಸಿದೆ. ಲಕ್ಕಮ್ಮ ಬೇಡವೆಂದದ್ದು ಮಿಕ್ಕಿದ ಅಕ್ಕಿಯನ್ನು. ಆ ದಿನದ ಕಾಯಕದ ಅಕ್ಕಿಯನ್ನು ಆಕೆ ಬೇಡವೆನ್ನಲಿಲ್ಲ. ದುಡಿಮೆಗೆ ತಕ್ಕ ಪಾಲು ತೆಗೆದುಕೊಳ್ಳುವುದು ಆಸೆಯಲ್ಲ. ಅದಕ್ಕಿಂತ ಮೇಲೆ ಕೈ ಚಾಚುವುದು ಆಸೆ. ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿದ, ಮೇದರ ಕೇತಯ್ಯ ಬುಟ್ಟಿ ಹೆಣೆದು ಮಾರಿದ. ಮಾರಿ ಬಂದ ಹಣದಿಂದಲೇ ಅವರ ದಾಸೋಹ. ಬೆಲೆಯೇ ಇಲ್ಲದ ಕಾಯಕದಿಂದ ದಾಸೋಹ ಹೇಗೆ ನಡೆದೀತು? ನನಗೆ ಹಣ ಬೇಡವೆಂದಾದರೆ ಸರಿಯಾದ ಬೆಲೆ ತೆಗೆದುಕೊಂಡು ಆಮೇಲೆ ಕೊಡುವುದು ನನ್ನ ಕೈಯಲ್ಲಿದೆ. ಬೆಲೆಯನ್ನೇ ಇಳಿಸಿದರೆ ನಾನು ಕೊಟ್ಟದ್ದು ನನ್ನ ಹಣವನ್ನಷ್ಟೇ ಅಲ್ಲ, ಪಕ್ಕದವನ ಕೂಲಿಯನ್ನೂ ಕೊಟ್ಟುಬಿಟ್ಟಂತೆ.

ಎರಡನೆಯದು: “ಹತ್ತು ರೂಪಾಯಿ ಪೆನ್ನೂ ಬರೆಯುತ್ತದೆ, 550 ಯಾರು ಕೊಡುತ್ತಾರೆ?” ಇದು ನ್ಯಾಯವಾದ ಪ್ರಶ್ನೆ. ಬರೆಯುವ ಅಗತ್ಯಕ್ಕೆ ಮರದ ಪೆನ್ನು ಬೇಕಿಲ್ಲ ಎಂದು ನಾನು ಗಿರಾಕಿಗಳಿಗೆ ನೇರವಾಗಿಯೇ ಹೇಳುತ್ತೇನೆ. ಶಾಲೆಯ ಹುಡುಗರಿಗೆ ಕೊಡುವುದಾದರೆ ಹತ್ತರದ್ದೇ ಕೊಡಿಸಿ ಎನ್ನುತ್ತೇನೆ. ಆದರೆ ಎಸೆಯದೆ ರಿಫಿಲ್ ಬದಲಿಸಿ ಇಪ್ಪತ್ತು ವರ್ಷ ಇಟ್ಟುಕೊಳ್ಳಬಹುದಾದ, ಅಜ್ಜನ ನೇಗಿಲಿನ ನೆನಪಿರುವ ವಸ್ತು ಬೇಕೆಂದರೆ ಅದನ್ನು ಮಾಡಿದವನ ಒಂದೂವರೆ ತಾಸಿಗೂ ಬೆಲೆ ಕೊಡಬೇಕು. ನಿಜ, ಬೆಲೆ ಏರಿಸಿದ ಮೇಲೆ ನನ್ನ ಮಾರಾಟ 200ರಿಂದ ಎಪ್ಪತ್ತಕ್ಕೆ ಇಳಿದಿದೆ. ನನಗೆ ಅದರಿಂದ ತೊಂದರೆ ಏನಿಲ್ಲ. ಮೊಣಕೈ ನೋವೂ ಕಡಿಮೆಯಾಗಿದೆ.

ಮೂರನೆಯದು: “ಕೈಕಸುಬಿನ ಕಾಲ ಮುಗಿಯಿತು, ನೀವೊಬ್ಬರು ಬೆಲೆ ಏರಿಸಿದರೆ ಏನಾದೀತು?” ಮುಗಿಯಿತು ಎನ್ನುವವರು ಒಮ್ಮೆ ಚನ್ನಪಟ್ಟಣಕ್ಕೆ ಹೋಗಿ ಬರಲಿ. ಅಲ್ಲಿ ಮೃದುವಾದ ಆಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬೇರೆ ಕುಂಚವೂ ಇಲ್ಲ, ಬಣ್ಣದ ಡಬ್ಬಿಯೂ ಇಲ್ಲ. ಆ ಗೊಂಬೆಗಳಿಗೆ ಭೌಗೋಳಿಕ ಸೂಚ್ಯಂಕದ ಮನ್ನಣೆ ಇದೆ. ಆಂಧ್ರದ ರಾಜಮಹೇಂದ್ರಿಯಲ್ಲಿ ರತ್ನಂ ಎಂಬುವರು ಲೇತಿನ ಮೇಲೆ ಎಬೊನೈಟ್ ಪೆನ್ನು ತಿರುವಿ, ಸ್ವದೇಶಿ ಪೆನ್ನೆಂದು ಗಾಂಧೀಜಿಗೆ ತಲುಪಿಸಿದ್ದರು. 1935ರಲ್ಲಿ ಗಾಂಧೀಜಿ ಅವರಿಗೆ ಮೆಚ್ಚುಗೆಯ ಪತ್ರ ಬರೆದರು. ಆ ಊರಿನ ಕೈಪೆನ್ನಿಗೆ ಇಂದಿಗೂ ಹೆಸರಿದೆ. ಚನ್ನಪಟ್ಟಣಕ್ಕೆ ಹೋದಾಗ ಲೇತಿನ ಮುಂದೆ ಕೂತಿದ್ದ ಒಬ್ಬರನ್ನು ಕಷ್ಟ ಏನು ಎಂದು ಕೇಳಿದೆ. “ಗಿರಾಕಿ ಬೆಲೆ ಕೇಳಲಿ ಸಾರ್, ಕೇಳಬೇಕು. ಆದ್ರೆ ಇದನ್ನ ಮಾಡೋಕೆ ಎಷ್ಟು ಹೊತ್ತಾಯ್ತು ಅಂತ ಒಬ್ರೂ ಕೇಳಲ್ಲ” ಎಂದರು. ಕೈಕಸುಬು ಉಳಿಯುವುದೋ ಇಲ್ಲವೋ ಎಂಬುದು ಆ ಪ್ರಶ್ನೆಯ ಮೇಲೆ ನಿಂತಿದೆ ಎಂದು ನನಗೆ ಅನಿಸಿತು.

ನನ್ನಂತೆ ನಿವೃತ್ತಿಯ ನಂತರ ಇಂಥ ಕೈಕೆಲಸಕ್ಕೆ ಇಳಿಯಬೇಕೆನ್ನುವವರಿಗೆ ಕೆಲವು ಮಾತು. ಖಂಡಿತ ಇಳಿಯಿರಿ. ನಿದ್ದೆ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಜಗಳ ಕಡಿಮೆಯಾಗುತ್ತದೆ. ಆದರೆ ಮರದ ಧೂಳನ್ನು ಹಗುರವಾಗಿ ಕಾಣಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಮೂಗಿಗೆ ಒಳ್ಳೆಯ ಮಾಸ್ಕು, ಮುಖಕ್ಕೆ ಗಾಜಿನ ತಡೆ ಇಲ್ಲದೆ ಲೇತ್ ಚಾಲು ಮಾಡಬೇಡಿ. ತೋಳು ಸಡಿಲವಾದ ಅಂಗಿ, ಹೆಗಲ ಮೇಲಿನ ಟವೆಲ್ಲು ಲೇತಿನ ಹತ್ತಿರ ಸುಳಿಯಬಾರದು. ಶ್ರೀಗಂಧದ ಪೆನ್ನು ಮಾಡಿಕೊಡಿ, ಬೀಟೆಯದ್ದು ಮಾಡಿಕೊಡಿ ಎಂದು ಕೇಳುವವರು ಬರುತ್ತಾರೆ. ಅರಣ್ಯ ಕಾಯ್ದೆಯ ನಿರ್ಬಂಧ ಇರುವ ಮರಗಳು ಅವು. ಸರಿಯಾದ ರಸೀದಿ ಇಲ್ಲದ ತುಂಡನ್ನು ಎಷ್ಟು ಸಣ್ಣದಾದರೂ ಮುಟ್ಟಬೇಡಿ. ಬೀಟೆಯ ಜಾತಿಯ ಮರಗಳ ವ್ಯಾಪಾರಕ್ಕೆ 2017ರಿಂದ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡೂ ಇದೆ, ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವಾಗ ನೆನಪಿರಲಿ. ಮಾರಿದ್ದಕ್ಕೆ ಲೆಕ್ಕದ ಪುಸ್ತಕ ಇಡಿ. ಪಿಂಚಣಿಯ ಜೊತೆಗೆ ಈ ಆದಾಯವನ್ನೂ ತೆರಿಗೆ ವಿವರದಲ್ಲಿ ತೋರಿಸಿ. ಸತ್ಯಶುದ್ಧ ಎಂಬ ಮಾತು ಉಳಿಗೂ ಅನ್ವಯಿಸುತ್ತದೆ, ಲೆಕ್ಕಕ್ಕೂ ಅನ್ವಯಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಊರಲ್ಲಿ ಅದೇ ಕೆಲಸದಿಂದ ಹೊಟ್ಟೆ ಹೊರೆಯುವವರು ಇದ್ದರೆ ಅವರ ಬೆಲೆಗಿಂತ ಒಂದು ರೂಪಾಯಿಯನ್ನೂ ಕೆಳಗೆ ಇಳಿಸಬೇಡಿ. ಸಾಧ್ಯವಾದರೆ ಮೇಲೆಯೇ ಇಡಿ. ನಿಮ್ಮ ಪೆನ್ನಿಗೆ ನಿಮ್ಮ ಹುದ್ದೆಯ ಹೆಸರೂ ಅಂಟಿಕೊಂಡಿರುತ್ತದೆ. ಅದಿಲ್ಲದೆಯೂ ಜನ ಕೊಳ್ಳುತ್ತಾರೋ ನೋಡಿ.

ಮಠಗಳಿಗೂ ಒಂದು ವಿನಂತಿ ಇದೆ. ನಮ್ಮ ಮಠಗಳಲ್ಲಿ ವರ್ಷವಿಡೀ ಕಾರ್ಯಕ್ರಮ ನಡೆಯುತ್ತವೆ. ಅತಿಥಿಗಳಿಗೆ ಶಾಲು, ಹಣ್ಣು, ಸ್ಮರಣಿಕೆ ಕೊಡುತ್ತೇವೆ. ಸ್ಮರಣಿಕೆ ಎಂದರೆ ಬಹುಪಾಲು ಪ್ಲಾಸ್ಟಿಕ್ಕಿನ, ಗಾಜಿನ ಫಲಕ. ನನ್ನ ಮನೆಯಲ್ಲೇ ಅಂಥವು ಹದಿನೇಳು ಅಟ್ಟದ ಮೇಲಿವೆ. ಅದರ ಬದಲು ಊರಿನ ಬಡಗಿ ಮಾಡಿದ ಮರದ ಪೆನ್ನು, ಕಂಬಾರ ಮಾಡಿದ ದೀಪದ ಕಂಬ, ನೇಕಾರರ ಖಣ ಕೊಡಬಹುದು. ಅವರು ಹೇಳಿದ ಬೆಲೆಗೇ ಕೊಳ್ಳಬೇಕು. “ಮಠಕ್ಕೆ ತಾನೆ, ಸ್ವಲ್ಪ ನೋಡಿ ಹಾಕಪ್ಪ” ಎನ್ನುವ ಮಾತು ನಿಲ್ಲಬೇಕು. ಆ ಮಾತಿನಿಂದ ಎಷ್ಟು ಜನ ಕಸುಬಿನವರು ಬಾಯಿ ಮುಚ್ಚಿಕೊಂಡು ಅರ್ಧ ಕೂಲಿಗೆ ಕೆಲಸ ಮಾಡಿದ್ದಾರೆ ಎಂಬುದು ಇಂಜಿನಿಯರ್ ಆಗಿ ನನಗೆ ಚೆನ್ನಾಗಿ ಗೊತ್ತು. ಅವರಾಗಿ ಸೇವೆ ಎಂದು ಮಾಡಿದರೆ ಅದು ಬೇರೆ. ನಾವಾಗಿ ಬೆಲೆ ಇಳಿಸಿ ಅದಕ್ಕೆ ಸೇವೆ ಎಂದು ಹೆಸರಿಡಬಾರದು.

ಜಾತ್ರೆಯಲ್ಲಿ ಕಸುಬಿನವರಿಗೆ ಪುಸ್ತಕ ಮಳಿಗೆಯ ಪಕ್ಕದಲ್ಲೇ ನೆರಳಿನ ಜಾಗ ಕೊಡಬೇಕು. ಸಾಧ್ಯವಾದರೆ ಪ್ರತಿ ಮಳಿಗೆಯ ಮುಂದೆ ಒಂದು ಫಲಕ: ಸಾಮಗ್ರಿ ಇಷ್ಟು, ಹೊತ್ತು ಇಷ್ಟು, ಕೂಲಿ ಇಷ್ಟು. ಪ್ರಸಾದ ನಿಲಯಗಳಲ್ಲಿ ಒಂದು ಕೋಣೆಯಲ್ಲಿ ಲೇತ್ ಇಟ್ಟು ವಾರಕ್ಕೊಮ್ಮೆ ಊರಿನ ಬಡಗಿಯವರನ್ನೇ ಗುರುವಾಗಿ ಕರೆಸಿ ಸಂಭಾವನೆ ಕೊಟ್ಟು ಕಲಿಸಬಹುದು. ನಮ್ಮ ಮಕ್ಕಳು ಬಡಗಿಯವರ ಪಾದ ಮುಟ್ಟಿ ಉಳಿ ಹಿಡಿಯುವುದನ್ನು ಕಲಿತರೆ, ಒಂದು ಉಪನ್ಯಾಸಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳಿವೆ, ಬಡಗಿತನವೂ ಅದರಲ್ಲಿದೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ ಸಿಗುತ್ತವೆ. ಅರ್ಜಿ ತುಂಬುವುದೇ ಅನೇಕರಿಗೆ ದೊಡ್ಡ ಗೋಡೆ. ಕಡತದ ಕೆಲಸದಲ್ಲೇ ತಲೆ ಬೆಳ್ಳಗಾದ ನಮ್ಮಂಥ ನಿವೃತ್ತ ನೌಕರರು ಮಠದಲ್ಲಿ ವಾರಕ್ಕೊಂದು ದಿನ ಕೂತು ಆ ಅರ್ಜಿ ತುಂಬಿಕೊಟ್ಟರೆ ನಮ್ಮ ಅಗ್ಗದ ಪೆನ್ನಿಗಿಂತ ಅದು ದೊಡ್ಡ ದಾಸೋಹ.

ಈಗ ನನ್ನ ಪೆನ್ನಿನ ಬೆಲೆ 550. ಡಬ್ಬಿಯೊಳಗೆ ಒಂದು ಚೀಟಿ ಇಡುತ್ತೇನೆ, ಅದರಲ್ಲಿ ಮೇಲಿನ ಲೆಕ್ಕವಿದೆ. ಕೂಲಿಯ 170 ರೂಪಾಯಿಯನ್ನು ನಾನು ಬೇರೆ ತೆಗೆದಿಡುತ್ತೇನೆ. ಆ ಹಣದಿಂದ ಈ ವರ್ಷ ಹಿರಿಯ ಬಡಗಿಯವರ ಅಡ್ಡೆಗೆ ಒಂದು ಧೂಳು ಹೀರುವ ಯಂತ್ರ ಕೊಡಿಸಿದೆ. ಅವರು ಮೊದಲು ಬೇಡವೆಂದರು. “ಇದು ನಿಮ್ಮ ಪಗಾರದ್ದ, ನನ್ನ ಹತ್ರ ಉಳದಿತ್ತು” ಎಂದು ಹೇಳಿದ ಮೇಲೆ ಒಪ್ಪಿದರು.

ಹುಡುಗನಿಗೆ ಕಳೆದ ತಿಂಗಳು ಫೋನ್ ಮಾಡಿದ್ದೆ. “ಪಗಾರ ಚಲೋ ಐತ್ರೀ ಕಾಕಾರ. ಆದ್ರ ಎಲ್ಲಾ ಪ್ಲೈವುಡ್ಡು, ಲ್ಯಾಮಿನೇಟು. ಉಳಿ ಹಿಡಿಯೂ ಕೆಲಸಾನ ಇಲ್ಲ” ಎಂದ. ಜಾತ್ರೆಗೆ ನಾಲ್ಕು ದಿನ ರಜೆ ಹಾಕಿ ಬರುತ್ತಾನಂತೆ, ರಾತ್ರಿ ಹೊತ್ತು ಮಾಡಿಟ್ಟ ಮೂವತ್ತು ಪೆನ್ನು ತರುತ್ತಾನಂತೆ. ಮಠದವರನ್ನು ಕೇಳಿ ನನ್ನ ಮೇಜಿನ ಅರ್ಧವನ್ನು ಅವನಿಗೆ ಬಿಡಿಸಿದ್ದೇನೆ. ಇಬ್ಬರದ್ದೂ ಒಂದೇ ಬೆಲೆ. ಯಾರ ಪೆನ್ನು ಚಂದವೋ ಅದನ್ನು ಕೊಳ್ಳಲಿ. ಹಾಗೆ ನೋಡಿದರೆ ಅವನದೇ ಹೆಚ್ಚು ಹೋಗಬೇಕು, ಯಾಕೆಂದರೆ ಅವನ ಕೈ ನನ್ನದಕ್ಕಿಂತ ಚೆನ್ನಾಗಿದೆ. ಹೋಗದಿದ್ದರೆ ನಾವೆಲ್ಲ ಕೂತು ಯೋಚಿಸಬೇಕಾದ ಮಾತು ಇನ್ನೂ ಇದೆ ಎಂದರ್ಥ.

ಈ ಸಲ ಜಾತ್ರೆಗೆ ಬರುವ ಬಂಧುಗಳು ಯಾವ ಮಳಿಗೆಯ ಮುಂದೆ ನಿಂತರೂ ಬೆಲೆ ಕೇಳುವ ಮೊದಲು, “ಇದನ್ನ ಮಾಡಾಕ ಎಷ್ಟು ಹೊತ್ತಾತು?” ಎಂದು ಕೇಳಲಿ. ಉತ್ತರ ಕೇಳಿದ ಮೇಲೆ ಚೌಕಾಸಿ ಮಾಡಲು ಬಾಯಿ ಬಂದರೆ ಮಾಡಲಿ.